ಮಣೆಯಿಂದ ಇಳಿದವಳು

ಭಾನುವಾರ, ಸಂಜೆಯ ಪ್ರಾರ್ಥನೆಗೆ ಮುನ್ನ

ನನ್ನ ಕಡೆಯ ಮಗಳಿಗೆ,

ನಿನ್ನ ಮನೆಯ ಹೊಸ್ತಿಲೊಳಗೂ ಹೊರಗೂ ಭಗವಂತನ ಕೃಪೆ ತುಂಬಿರಲಿ.

ನಿನ್ನ ಪತ್ರಗಳು ಒಂದರ ಹಿಂದೊಂದು ಬಂದು ನನ್ನ ದಿಂಬಿನ ಕೆಳಗೆ ಸೇರಿವೆ. ಒಂದಕ್ಕೂ ನಾನು ಉತ್ತರ ಬರೆಯಲಿಲ್ಲ. ಕಣ್ಣು ಮಂಜಾಗಿದೆಯೆಂದು ನೆಪ ಹೇಳಬಹುದಿತ್ತು. ಆದರೆ ಈ ವಯಸ್ಸಿನಲ್ಲಿ ಒಂದು ಸುಳ್ಳನ್ನು ಹೊಸದಾಗಿ ಹೊತ್ತುಕೊಳ್ಳುವ ಶಕ್ತಿ ನನಗಿಲ್ಲ. ಬರೆಯಲು ಕುಳಿತಾಗಲೆಲ್ಲ ನಮ್ಮ ಗುಂಡನೇ ಮೊದಲ ವಾಕ್ಯಕ್ಕೆ ಬಂದು ನಿಲ್ಲುತ್ತಿದ್ದ, ಲೇಖನಿ ಅಲ್ಲಿಂದ ಮುಂದೆ ಸರಿಯುತ್ತಿರಲಿಲ್ಲ. ಫೋನು ಮಾಡೋಣವೆಂದರೆ ಅದಿರುವುದು ಇಸ್ತ್ರಿ ಕೋಣೆಯ ಗೋಡೆಯಲ್ಲಿ, ಎಲ್ಲರ ಕಿವಿಯ ಎದುರಿಗೆ. ನೀನು ಅವನ ಮಣ್ಣಿಗೆ ಬಂದು ಅಂದೇ ಹಿಂದಿರುಗಿದೆ. ಆ ಜನಜಂಗುಳಿಯಲ್ಲಿ ನಿನಗೆ ತಿಳಿದದ್ದು, ನಿನ್ನ ಅಣ್ಣನ ಕೂಸು ಗುಂಡ ಬಟ್ಟೆಗೆ ಕಾಯಿಸುವ ಗಂಜಿಯ ಹಂಡೆಗೆ ಬಿದ್ದ ಎಂಬುದಷ್ಟೆ. ಉಳಿದದ್ದನ್ನು ಇಂದು ಬರೆಯುತ್ತೇನೆ. ಇಂದು ಮಧ್ಯಾಹ್ನ ಈ ಮನೆಯಲ್ಲಿ ಒಂದು ಮಾತು ಇತ್ಯರ್ಥವಾಯಿತು. ಆದ್ದರಿಂದ ನನ್ನ ಕೈಗೆ ಸ್ವಲ್ಪ ಬಲ ಬಂದಿದೆ.

ನನ್ನ ಮಂಡಿಗಳು ಹಾಗೇ ಇವೆ. ಲಾಂಡ್ರಿ ನಡೆಯುತ್ತಿದೆ. ಆಸ್ಪತ್ರೆಯ ಹೊದಿಕೆಗಳ ಜೊತೆಗೆ ಈಗ ದೊಡ್ಡ ಹೋಟೆಲಿನವರ ಬಟ್ಟೆಯೂ ಬರುತ್ತದೆ. "ಜನ ಕಾಯಿಲೆ ಬೀಳೋದನ್ನೂ ಬಿಡಲ್ಲ, ಹೋಟೆಲಲ್ಲಿ ಮಲಗೋದನ್ನೂ ಬಿಡಲ್ಲ, ನಮ್ಮ ಅನ್ನಕ್ಕೇನು ಕಮ್ಮಿ ಅಮ್ಮಾ?" ಎಂದು ನಿನ್ನ ಅಣ್ಣ ಹಿಂದೆ ನಗಿಸುತ್ತಿದ್ದ. ಈಗ ಅವನು ಲೆಕ್ಕದ ಮಾತಿನ ಹೊರತು ಬೇರೆ ಆಡುವುದಿಲ್ಲ.

ನೀನು ಕಾಲೇಜಿನಲ್ಲಿ ಮಾಡಿದ ಉಪನ್ಯಾಸವನ್ನು ಅಚ್ಚು ಹಾಕಿಸಿ ಕಳುಹಿಸಿದ್ದೆಯಲ್ಲ, ಅದನ್ನು ಓದಿ ಹೋದ ವರ್ಷ ನಾನು ಸಿಡಿದೆ. ಮಗುವಿನ ದೇಹ ಪ್ರಕೃತಿಯದು, ಬಾಲ್ಯ ಮಾತ್ರ ಸಮಾಜದ ಕಟ್ಟಡ; ಅದು ಯಾರಿಗೆ, ಎಷ್ಟು ದಿನ, ಹೇಗೆ ಎಂಬುದನ್ನು ಆಯಾ ಕಾಲದ ದೊಡ್ಡವರು ತಮ್ಮ ಅನುಕೂಲ ನೋಡಿಕೊಂಡು ಗೊತ್ತುಮಾಡುತ್ತಾರೆ ಎಂದು ನೀನು ಬರೆದಿದ್ದೆ. ನಾನಾದರೋ ನನ್ನ ತಂದೆಯ ಕುರುಡುಗಣ್ಣಿನ ಮುಂದೆ ಹಳೆಯ ಗ್ರಂಥಗಳನ್ನು ಗಟ್ಟಿಯಾಗಿ ಓದುತ್ತ ಬೆಳೆದವಳು. ಮೊಗ್ಗಿಗೆ ಮೊಗ್ಗಿನ ಕಾಲವನ್ನೂ ಹೂವಿಗೆ ಹೂವಿನ ಕಾಲವನ್ನೂ ಬರೆದವನು ಸೃಷ್ಟಿಕರ್ತ, ಅದರಲ್ಲಿ ಮನುಷ್ಯನ ಕೈವಾಡವೇನು ಎಂದು ನಿನಗೆ ಖಾರವಾಗಿಯೇ ಉತ್ತರಿಸಿದ್ದೆ. ಸೃಷ್ಟಿಕರ್ತನ ವಿಷಯದಲ್ಲಿ ನನ್ನ ನಂಬಿಕೆ ಕದಲಿಲ್ಲ. ಆದರೆ ಅವನು ಬರೆದದ್ದನ್ನು ನಾವು ಎಷ್ಟು ಸಲೀಸಾಗಿ ಅಳಿಸಿ ನಮ್ಮದನ್ನು ಬರೆದುಕೊಳ್ಳುತ್ತೇವೆ ಎಂಬುದನ್ನು ನೋಡಿದೆ.

ಇಸ್ತ್ರಿ ಕೋಣೆಯ ಎರಡು ಮೇಜುಗಳು ನಿನಗೆ ಮರೆತಿರಲಾರವು: ಕಿಟಕಿಯ ಕಡೆಯದೊಂದು, ಗೋಡೆಯ ಕಡೆಯದೊಂದು. ನಿನ್ನ ತಾತ ಎರಡನ್ನೂ ಒಂದೇ ಎತ್ತರಕ್ಕೆ ಮಾಡಿಸಿದ್ದರು. ಚಿಕ್ಕವರು ಕಾಲಡಿಗೆ ಮಣೆಯಿಟ್ಟುಕೊಂಡು ನಿಂತು ದಿಂಬುಗವಸು ಮಡಿಸಬೇಕು. ಯಾವ ದಿನ ಮಣೆಯಿಲ್ಲದೆ ಎರಡು ಮೊಣಕೈಗಳೂ ಮೇಜಿನ ಮೇಲೆ ಸಲೀಸಾಗಿ ಊರುತ್ತವೆಯೋ ಅಂದು ಮಣೆ ಇಳಿಯಬೇಕು. ಇಳಿದವರ ಕೈಗೆ ಇಸ್ತ್ರಿಪೆಟ್ಟಿಗೆ ಬರುತ್ತದೆ, ಶಾಲೆ ಬೆಳಗಿನ ಹೊತ್ತಿಗಷ್ಟೇ ಉಳಿಯುತ್ತದೆ, ಊಟ ದೊಡ್ಡವರ ಪಂಕ್ತಿಗೆ ಬೀಳುತ್ತದೆ. ಅವರ ಮಣೆ ಮನೆಯ ಮುಂದಿನ ಕೂಸಿಗೆ ಸೇರುತ್ತದೆ. ನೀನು ಇಳಿದ ದಿನ ಕೋಣೆಯ ತುಂಬ ಕುಣಿದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಈ ಪದ್ಧತಿಯನ್ನು ಯಾರೂ ಪ್ರಶ್ನಿಸಿರಲಿಲ್ಲ. ವಯಸ್ಸನ್ನು ಯಾರು ಕೇಳುತ್ತಾರೆ? ಮೇಜೇ ಹೇಳುತ್ತಿತ್ತು.

ನಿನ್ನ ಅಕ್ಕ ಕಣ್ಣು ಮುಚ್ಚುವಾಗ ನಮ್ಮ ಮಡಿಲಿಗೆ ಹಾಕಿ ಹೋದ ಹುಡುಗಿಯನ್ನು ಕೆಲಸದವರೆಲ್ಲ ಏಣಿ ಎಂದು ಕರೆಯುತ್ತಾರೆ. ಹಾಗೆ ಉದ್ದಕ್ಕೆ ಬೆಳೆದಿದ್ದಾಳೆ. ಅಣ್ಣನ ಹಿರಿಯ ಮಗಳು ಅವಳಿಗಿಂತ ಎರಡು ವರ್ಷಕ್ಕೆ ದೊಡ್ಡವಳಾದರೂ ಅವಳ ಭುಜಕ್ಕೂ ಬರುವುದಿಲ್ಲ, ಆದ್ದರಿಂದ ಅವಳು ಚೋಟು. ಏಣಿ ಗೋಡೆಯ ಮೇಜಿನಲ್ಲಿ, ಚೋಟು ಕಿಟಕಿಯ ಮೇಜಿನಲ್ಲಿ. ಒಂಬತ್ತು ತುಂಬುತ್ತಿದ್ದಂತೆ ಏಣಿ ಮಣೆ ಇಳಿದಳು. ಈ ಮನೆಯಲ್ಲಿ ಅಷ್ಟು ಬೇಗ ಇಳಿದವರೇ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. "ನೋಡೇ ಚೋಟು, ನಿನ್ ತಂಗಿ ನಿನ್ನ ದಾಟ್ಕೊಂಡು ಹೋದ್ಲು. ನೀನು ಮದುವೆ ದಿನಾನೂ ಮಣೆ ಮೇಲೇ ನಿಂತ್ಕೊ" ಎಂದು ನಿನ್ನ ಅಣ್ಣ ಹಾಸ್ಯ ಮಾಡಿದ. ಚೋಟು ನಾಲಿಗೆ ಚಾಚಿ ಅಂಗಳಕ್ಕೆ ಆಟಕ್ಕೆ ಓಡಿದಳು. ಅವಳಿಗೆ ಇನ್ನೂ ಆಟ ಇತ್ತು. ಏಣಿ ಅಂದು ಮೊದಲ ಸಲ ಇಸ್ತ್ರಿಪೆಟ್ಟಿಗೆ ಹಿಡಿದಳು; ಅದರ ಭಾರಕ್ಕೆ ಅವಳ ಮಣಿಕಟ್ಟು ನಡುಗುವುದನ್ನು ನೋಡಿಯೂ ನಾನು ಹೆಮ್ಮೆಪಟ್ಟೆ.

ಗುಂಡ ನಿಲ್ಲಲು ಕಲಿತಾಗ ಅವಳ ಮಣೆ ಅವನದಾಯಿತು. ಆ ಮಣೆಯೆಂದರೆ ಅವನಿಗೆ ಪ್ರಾಣ. ಕೋಣೆಯ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋಗಿ, ಹತ್ತಿ ನಿಂತು, "ದೊಡ್ಡೋನು!" ಎಂದು ಎಲ್ಲರ ಕಡೆ ನೋಡುತ್ತಿದ್ದ. ಅವನನ್ನು ನೋಡಿಕೊಳ್ಳುವುದು ಏಣಿಯ ಪಾಲಿನ ಕೆಲಸವಾಯಿತು. ಯಾರೂ ಹಾಗೆಂದು ಹೇಳಲಿಲ್ಲ, ಹೇಳುವ ಅಗತ್ಯವಿತ್ತೇ? ಇಳಿದವಳಲ್ಲವೆ!

ಆ ದಿನ ಆಸ್ಪತ್ರೆಯ ಹೊದಿಕೆಗಳು ರಾಶಿ ಬಿದ್ದಿದ್ದವು. ನಿನ್ನ ಅಣ್ಣ ಬಾಯ್ಲರಿನ ಮುಂದೆ, ಅತ್ತಿಗೆ ಹಿತ್ತಲಿನ ಹಗ್ಗದ ಹತ್ತಿರ, ನಾನು ಒಳಗೆ ಓದಿನಲ್ಲಿ. ಏಣಿ ಎರಡು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಳು. ಮಣೆ ನೆಲಕ್ಕೆ ತೀಡಿದ ಸದ್ದು ಅವಳಿಗೆ ಕೇಳಿಸಿತು. ಆದರೆ ದಿನವೆಲ್ಲ ಕೇಳುವ ಸದ್ದು. ಪೆಟ್ಟಿಗೆಯಡಿಯ ಹೊದಿಕೆ ಸುಟ್ಟುಹೋಗಬಾರದೆಂದು ಅದನ್ನು ಮುಗಿಸಿ ತಿರುಗಿದಳು. ಗುಂಡ ಮಣೆಯನ್ನು ಗಂಜಿಯ ಹಂಡೆಯ ಪಕ್ಕಕ್ಕೆ ಎಳೆದಿದ್ದ. ಹತ್ತಿ ನಿಂತು ಕುದಿಯುವ ಗಂಜಿಯ ಗುಳ್ಳೆ ನೋಡುತ್ತಿದ್ದ.

ಅವನನ್ನು ಹೊರಗೆಳೆದದ್ದು ಅವಳೇ, ಬರಿಗೈಯಲ್ಲಿ.

ಗುಂಡನನ್ನು ಎತ್ತಿಕೊಂಡು ನಿನ್ನ ಅಣ್ಣ, ಅತ್ತಿಗೆ ಮುಂದೆ ಓಡಿದರು; ಅವಳನ್ನು ಆಸ್ಪತ್ರೆಗೆ ನಾನೇ ಕರೆದೊಯ್ದೆ. ಬಸ್ಸಿನ ಬಾಗಿಲಲ್ಲಿ ಅರ್ಧ ಟಿಕೆಟ್ಟಿಗೆಂದು ಗೆರೆ ಎಳೆದಿರುತ್ತಾರಲ್ಲ, ಅವಳ ತಲೆ ಅದರ ಮೇಲಿತ್ತು. "ಗೆರೆ ದಾಟಿದಾಳಜ್ಜಿ, ಫುಲ್ ಟಿಕೆಟ್" ಎಂದ ಕಂಡಕ್ಟರ್. ಆಸ್ಪತ್ರೆಯಲ್ಲಿ ವಯಸ್ಸು ಕೇಳಿ, ಗೋಡೆಯ ತುಂಬ ಬಾತುಕೋಳಿ ಬರೆದ ಮಕ್ಕಳ ವಾರ್ಡಿನಲ್ಲಿ ಮಲಗಿಸಿದರು. ನರ್ಸಮ್ಮ "ಪುಟ್ಟೀ, ಅಳಬೇಡ" ಎಂದು ಬಟ್ಟೆಯ ಗೊಂಬೆಯೊಂದನ್ನು ಪಕ್ಕದಲ್ಲಿಟ್ಟರು. ಅವಳು ಅಳುತ್ತಿರಲಿಲ್ಲ. ಕೈಗಳಿಗೆಲ್ಲ ಬಟ್ಟೆ ಸುತ್ತಿದ್ದರಿಂದ ಮೊಣಕೈಯಿಂದ ಗೊಂಬೆಯನ್ನು ಮಂಚದ ನಡುವಿಗೆ ಸರಿಸಿದಳು. "ಅಂಚಲ್ಲಿಟ್ರೆ ಬಿದ್ದೋಗುತ್ತೆ ಅಜ್ಜಿ" ಎಂದಳು. ಕೆಳಗಿನ ಅಂತಸ್ತಿನ ತುರ್ತು ಕೋಣೆಯಲ್ಲಿ ಗುಂಡ ಇನ್ನೂ ಉಸಿರಾಡುತ್ತಿದ್ದ. ಮರುದಿನ ಅದೂ ನಿಂತಿತು.

ಅವಳನ್ನು ಆಸ್ಪತ್ರೆಯಿಂದ ಕಳುಹಿಸಿದ ದಿನ ಪೊಲೀಸು ಅಧಿಕಾರಿ ಮನೆಗೆ ಬಂದು, "ಕೂಸನ್ನ ಯಾರು ನೋಡ್ಕೊಳ್ತಿದ್ರು?" ಎಂದು ಕೇಳಿದ. ಎಲ್ಲರ ಕಣ್ಣೂ ಅವಳ ಕಡೆ ಹೊರಳಿದವು. ಆತ ಅವಳ ಹಿಂದೆ ಇನ್ನಾರೋ ನಿಂತಿದ್ದಾರೆಂದು ಇಣುಕಿ ನೋಡಿದ.

"ಯಾರು, ಈ ಮಗೂನಾ? ದೊಡ್ಡವರು ಯಾರೂ ಇರ್ಲಿಲ್ವಾ?"

"ಇವಳೇ ಸಾರ್ ದೊಡ್ಡವಳು" ಎಂದ ನಿನ್ನ ಅಣ್ಣ. "ಮಣೆ ಇಳಿದು ಎಷ್ಟೋ ಕಾಲ ಆಯ್ತು."

"ಯಾವ ಮಣೆ ರೀ?"

ಅದನ್ನು ಹೊರಗಿನವರಿಗೆ ವಿವರಿಸುವ ಭಾಷೆಯೇ ನಮ್ಮಲ್ಲಿರಲಿಲ್ಲ. ಆತ ಆಕಸ್ಮಿಕವೆಂದು ಬರೆದುಕೊಂಡು ಹೊರಟುಹೋದ. ಕಾನೂನಿನಲ್ಲಿ ಅವಳು ಮಗು. ಆದರೆ ನಾವು ಬದುಕುವುದು ಕಾನೂನಿನಲ್ಲಲ್ಲವಲ್ಲ! ಅಂದು ಸಂಜೆ ಬಂಧುಗಳು ಸೇರಿ ಹೇಗಾಯಿತು, ಏನಾಯಿತು ಎಂದು ಮಾತನಾಡುವಾಗ ಅವಳು ಬಾಗಿಲಲ್ಲಿ ನಿಂತು, "ಮಾವ, ನಾನು ಹೇಳ್ತೀನಿ, ಸದ್ದು ಕೇಳಿದ ತಕ್ಷಣ..." ಎಂದು ಬಾಯಿ ತೆರೆದಳು. "ದೊಡ್ಡವರ ಮಧ್ಯೆ ಬಾಯಿ ಹಾಕ್ಬೇಡ, ಒಳಗೆ ಹೋಗು" ಎಂದ ಅದೇ ಅಣ್ಣ. ತಪ್ಪು ಹೊರಲು ದೊಡ್ಡವಳು, ಮಾತಾಡಲು ಚಿಕ್ಕವಳು! ನಿನ್ನ ಉಪನ್ಯಾಸದ ಹಾಳೆಗಳನ್ನು ಆ ದಿನ ಪುನಃ ತೆಗೆದು ಓದಿದೆ.

ಚೋಟುವನ್ನು ಯಾರೂ ಏನೂ ಕೇಳಲಿಲ್ಲ. ಅವಳು ಅಂಗಳದಲ್ಲಿದ್ದಳು, ಮಣೆಯವಳು, ಪಾಪ. ಹದಿಮೂರರ ಅವಳಿಗೆ ಕೆಟ್ಟ ಕನಸು ಬಾರದಿರಲೆಂದು ಅತ್ತಿಗೆ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಾಳೆ. ಕೈಯ ಗಾಯ ಮಾಗುತ್ತಲೇ ಕೆಲಸಕ್ಕೆ ನಿಂತ ಹನ್ನೊಂದರ ಏಣಿ ಇಸ್ತ್ರಿ ಕೋಣೆಯಲ್ಲಿ, ಮಡಿಸಿದ ಹೊದಿಕೆಗಳ ಪಕ್ಕದಲ್ಲಿ, ತಾನಾಗಿಯೇ ಹಾಸಿಕೊಂಡು ಮಲಗುತ್ತಾಳೆ. ನನ್ನ ಬಳಿ ಕರೆದರೆ ಬರುವುದಿಲ್ಲ.

ಅತ್ತಿಗೆ ಅವಳೊಡನೆ ಮಾತು ಬಿಟ್ಟಿದ್ದಾಳೆ. ಜಗಳವಿಲ್ಲ, ಬೈಗುಳವಿಲ್ಲ; ಅವಳ ಕಡೆ ನೋಡುವುದೇ ಇಲ್ಲ. ನಿನ್ನ ಅಣ್ಣ ಎರಡು ವಾರದ ಹಿಂದೆ ಹೋಟೆಲಿನ ಮೇಲ್ವಿಚಾರಕನೊಡನೆ ಮಾತಾಡಿ ಬಂದ. ದೂರದ ಊರಿನಲ್ಲಿ ಆ ಹೋಟೆಲಿನವರದೇ ಇನ್ನೊಂದು ಲಾಂಡ್ರಿಯಿದೆ, ಅಲ್ಲಿಯೇ ಇದ್ದು ದುಡಿಯುವ ಹೆಂಗಸರಿದ್ದಾರೆ. "ಬೆಳೆದವಳಮ್ಮ. ಕೆಲಸ ಗೊತ್ತು. ಅಲ್ಲಿದ್ರೆ ಅವಳಿಗೂ ಒಳ್ಳೇದು, ಇವಳ ಕಣ್ಣಿಗೂ ಒಳ್ಳೇದು" ಎಂದು ಹೆಂಡತಿಯ ಕಡೆ ಕೈ ತೋರಿದ. ನಾಳೆ ಸೋಮವಾರ ಹೋಟೆಲಿನ ವ್ಯಾನು ಬಟ್ಟೆ ಒಯ್ಯಲು ಬಂದಾಗ ಅವಳನ್ನೂ ಹತ್ತಿಸುವುದೆಂದು ಗೊತ್ತಾಗಿತ್ತು. ಹನ್ನೊಂದು ವರ್ಷದ ಕೂಸು ಕಣೋ ಎಂದು ಕೈ ಮುಗಿದು ಹೇಳಿದೆ. "ವಯಸ್ಸಿನ ಮಾತು ನಿನ್ನ ಬಾಯಲ್ಲಿ ಯಾವಾಗಿಂದ ಬಂತಮ್ಮ?" ಎಂದ.

ಇಂದು ಮಧ್ಯಾಹ್ನದ ಸಂಗತಿ ಹೇಳುತ್ತೇನೆ. ಓದಲು ಗ್ರಂಥ ತೆರೆದೆ. ನನ್ನ ಓದುವ ಪೀಠದ ಒಂದು ಕಾಲು ಗಿಡ್ಡ. ಅದಕ್ಕೆ ಬಹಳ ದಿನದಿಂದ ಒಂದು ಮರದ ತುಂಡು ಒತ್ತುಕೊಟ್ಟಿದ್ದೆ. ಕಸ ಗುಡಿಸುವಾಗ ಅದು ಸರಿದಿತ್ತು. ಕೈಗೆತ್ತಿಕೊಂಡು ನೋಡುತ್ತೇನೆ: ನಾಲ್ಕು ಬೆರಳು ದಪ್ಪ, ಚೌಕ, ಒಂದು ಮಗ್ಗುಲಲ್ಲಿ ನಿನ್ನ ತಾತ ಹಚ್ಚಿಸುತ್ತಿದ್ದ ಅದೇ ಕಂದು ಬಣ್ಣ, ಇನ್ನೊಂದು ಮಗ್ಗುಲಲ್ಲಿ ಗರಗಸದ ಗುರುತು. ಗುಂಡ ಹೊಟ್ಟೆಯಲ್ಲಿದ್ದಾಗ ಅತ್ತಿಗೆಯ ಕಾಲು ಊದಿಕೊಂಡು ನಿಲ್ಲಲಾಗುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತೇ ಇಸ್ತ್ರಿ ಮಾಡಲಿ ಎಂದು ಬಡಗಿಯನ್ನು ಕರೆಸಿ ಗೋಡೆಯ ಮೇಜಿನ ನಾಲ್ಕು ಕಾಲುಗಳನ್ನೂ ಕೊಯ್ಯಿಸಿದ್ದೆವು. ತುಂಡುಗಳು ಒಂದು ಪೀಠಕ್ಕೆ, ಒಂದು ಬಾಗಿಲಿಗೆ, ಎರಡು ನೀರಿನ ಡ್ರಮ್ಮಿನ ಕೆಳಗೆ. ಅದಾದ ಮೇಲೆಯೇ ಏಣಿ ಮಣೆ ಇಳಿದದ್ದು.

ಹುಡುಗಿ ಅಷ್ಟು ಬೆಳೆದಿರಲಿಲ್ಲ, ಮಗಳೇ. ಮೇಜು ಇಳಿದಿತ್ತು. ಪಕ್ಕದಲ್ಲೇ ಕಿಟಕಿಯ ಮೇಜು ಹಳೆಯ ಎತ್ತರದಲ್ಲಿ ನಿಂತಿತ್ತು; ಎರಡನ್ನೂ ದಿನವೂ ಒರೆಸುತ್ತಿದ್ದೆವು. ಒಬ್ಬರ ಕಣ್ಣಿಗೂ ಬೀಳಲಿಲ್ಲ. ನಮಗೆ ಒಂದು ಜೊತೆ ಕೈ ಬೇಕಾಗಿತ್ತು, ಕೈ ಬಂತು. ಎಲ್ಲಿಂದ ಬಂತೆಂದು ನೋಡುವವರಾರು?

ನಾಲ್ಕು ತುಂಡನ್ನೂ ಹುಡುಕಿ ತಂದೆ. ನಿನ್ನ ಅಣ್ಣನನ್ನು ಕರೆದು ಮೇಜು ಎತ್ತಿಸಿ ಪ್ರತಿ ಕಾಲಿನ ಕೆಳಗೂ ಇಟ್ಟೆ. ಕೊಯ್ದ ಗುರುತಿಗೆ ಗುರುತು ಕೂಡಿಕೊಂಡಿತು. ಏಣಿಯನ್ನು ಕರೆದು ನಿಲ್ಲಿಸಿದೆ. ಇಷ್ಟು ಬೆಳೆದ ಮೇಲೂ, ಇಂದೂ, ಮೊಣಕೈ ಊರಲು ಅವಳು ಭುಜ ಎತ್ತಬೇಕಾಯಿತು. ಒಂಬತ್ತರಲ್ಲಿ ಎಲ್ಲಿ ಮುಟ್ಟುತ್ತಿದ್ದಳೋ ನೀನೇ ಊಹಿಸು. ನಿನ್ನ ಅಣ್ಣ ಮೇಜನ್ನು ನೋಡಿದ, ಅವಳನ್ನು ನೋಡಿದ, ಗೋಡೆಗೆ ತಲೆಯಾನಿಸಿ ನಿಂತ.

ಸದ್ದು ಕೇಳಿ ಅತ್ತಿಗೆ ಬಂದಳು. ಬಾಗಿಲಿಗೆ ಒತ್ತಿದ್ದ ತುಂಡಿನ ಮೇಲೆ ಗುಂಡನ ಹಲ್ಲಿನ ಗುರುತಿತ್ತು, ಹಲ್ಲು ಬರುವಾಗ ಕಚ್ಚಿದ್ದು. ಅವಳು ಕುಕ್ಕರಿಸಿ ಅದನ್ನು ಮುಟ್ಟಿದಳು. "ಇದು ನಂಗೋಸ್ಕರ ಕುಯ್ಸಿದ್ದಲ್ವಾ ಅತ್ತೆ? ಅವನಿಗೋಸ್ಕರ" ಎಂದಳು. ಅವಳ ಕಣ್ಣಲ್ಲಿ ಆ ಲೆಕ್ಕ ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನಾನು ನೋಡಿದೆ: ಮೇಜು, ಏಣಿ, ಮಣೆ, ಹಂಡೆ. ಸಿಟ್ಟು ಮಾಡಲು ಅವಳಿಗೆ ಯಾರೂ ಉಳಿಯಲಿಲ್ಲ. ಸಿಟ್ಟಾದರೂ ಇದ್ದರೆ ಮನುಷ್ಯ ಎದ್ದು ನಿಲ್ಲುತ್ತಾನೆ.

ನಿನ್ನ ಅಣ್ಣ, "ಕಳಿಸೋದು ಬೇಡ ಬಿಡಮ್ಮ. ಅವಳು ಚಿಕ್ಕವಳು" ಎಂದ. ಏಣಿ ಎಲ್ಲವನ್ನೂ ಕೇಳುತ್ತ ನಿಂತಿದ್ದಳು. "ಅಜ್ಜಿ, ನಾನಿನ್ನು ಹೋಗ್ಲಾ? ಹೊದಿಕೆ ಇನ್ನೂ ಉಳಿದಿದೆ" ಎಂದಷ್ಟೇ ಕೇಳಿದಳು. ಬೇಡ, ಹೋಗಿ ಆಡಿಕೋ ಎಂದೆ. ಅಂಗಳದ ಕಟ್ಟೆಯ ಮೇಲೆ ಆಗಿನಿಂದ ಕೈ ಮಡಿಸಿ ಕುಳಿತಿದ್ದಾಳೆ. ಆಡುವುದು ಹೇಗೆಂದು ಮರೆತಿರಬಹುದು, ಮೆಲ್ಲಗೆ ನೆನಪಾದೀತು.

ಆದ್ದರಿಂದ ನನ್ನ ಒಂದೇ ಬೇಡಿಕೆ. ನಿನ್ನ ರಜೆ ಬಂದೊಡನೆ ಬಂದು ಅವಳನ್ನು ಕರೆದುಕೊಂಡು ಹೋಗು. ಇಡೀ ದಿನದ ಶಾಲೆಗೆ ಸೇರಿಸು. ಈ ಮೇಜುಗಳ ನಡುವೆ ಅವಳು ಬೆಳೆಯುವುದು ಬೇಡ. ಬಣ್ಣದ ಪೆನ್ಸಿಲ್ಲು, ಚಿತ್ರದ ಪುಸ್ತಕ, ಆ ವಯಸ್ಸಿನವರು ಏನು ಬಯಸುತ್ತಾರೋ ತಂದಿಡು. ಹೋಟೆಲಿನ ವ್ಯಾನು ನಿನ್ನ ಕಾಲೇಜಿನ ಮುಂದಿನ ರಸ್ತೆಯಲ್ಲೇ ಹೋಗುವುದರಿಂದ ಈ ಪತ್ರವನ್ನು ನಾಳೆ ಚಾಲಕನ ಕೈಯಲ್ಲಿ ಕಳುಹಿಸುತ್ತೇನೆ.

ನಿನ್ನ ಮನಸ್ಸಿಗೆ ನೆಮ್ಮದಿ ಇರಲಿ, ನಿನ್ನ ಪಾಠ ಕೇಳುವವರಿಗೆ ವಿವೇಕ ಬರಲಿ, ನಿನ್ನ ಬಾಗಿಲಿಗೆ ಬಂದವರು ಯಾರೂ ಬರಿಗೈಯಲ್ಲಿ ಹಿಂದಿರುಗದಿರಲಿ. ನನ್ನ ಮುಪ್ಪಿನ ಪ್ರಾರ್ಥನೆಯೆಲ್ಲ ನಿನ್ನ ಹೆಸರಿಗೇ.

ಇಂತು ನಿನ್ನನ್ನು ಹೆತ್ತವಳು,
ಅಮ್ಮ

ಮರೆತ ಮಾತು, ಸೋಮವಾರ ಬೆಳಿಗ್ಗೆ:

ಮರೆತದ್ದಲ್ಲ, ನಡೆದದ್ದು. ಬೆಳಕು ಹರಿದು ನಾನು ಎದ್ದಾಗ ಏಣಿ ತಲೆ ಬಾಚಿಕೊಂಡು, ಬಟ್ಟೆಯ ಗಂಟು ಕಟ್ಟಿಕೊಂಡು, ವ್ಯಾನಿಗಾಗಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲಿಗೆ ಎಂದು ಕೇಳಿದೆ. "ಹೋಟೆಲಿಗೆ. ಮಾವ ಮಾತು ಕೊಟ್ಟಿದಾರಲ್ಲ" ಎಂದಳು. ನೀನು ಚಿಕ್ಕವಳೆಂದು ನಿನ್ನೆ ಎಲ್ಲರ ಎದುರಿಗೆ ತೀರ್ಮಾನವಾಯಿತಲ್ಲ ಕಂದಾ, ನಿನ್ನದೇನೂ ತಪ್ಪಿಲ್ಲ ಎಂದು ತಬ್ಬಿಕೊಳ್ಳಲು ಹೋದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಇಷ್ಟು ದಿನ ಒಮ್ಮೆಯೂ ಅಳದವಳು ಆಗ ಅತ್ತಳು.

"ನಾನು ದೊಡ್ಡವಳೇ ಅಜ್ಜಿ. ಚಿಕ್ಕವಳು ಅನ್ಬೇಡಿ. ನಾನು ಚಿಕ್ಕವಳಾದ್ರೆ ಆವತ್ತು ಗುಂಡನ ಹತ್ರ ಯಾರಿದ್ರು? ಯಾರೂ ಇರ್ಲಿಲ್ಲ ಅಂತಾಗತ್ತೆ. ಅವನೊಬ್ನೇ ಇದ್ದ ಅಂತಾಗತ್ತೆ."

ನಿನ್ನ ಅಣ್ಣ ನನ್ನ ಹಿಂದೆ ನಿಂತಿದ್ದ, ಅತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ. ಯಾವ ಮುಖ ಹೊತ್ತು ಅವಳನ್ನು ತಡೆಯೋಣ? ಅವಳು ಎಲ್ಲರಿಗಿಂತ ಮುಂಚೆ ಎದ್ದು ಉಳಿದ ಹೊದಿಕೆಗಳನ್ನೆಲ್ಲ ಮಡಿಸಿಟ್ಟಿದ್ದಳು. ಮೇಜಿನ ಕೆಳಗಿನ ತುಂಡುಗಳನ್ನು ತೆಗೆದು ಅದನ್ನು ಮೊದಲಿನ ಎತ್ತರಕ್ಕೇ ಇಳಿಸಿದ್ದಳು. ಒಂದು ತುಂಡನ್ನು ನನ್ನ ಪೀಠದ ಕೆಳಗೆ ತಿರುಗಿ ಒತ್ತಿದ್ದಾಳೆ. ಪೀಠ ಅಲುಗುತ್ತಿಲ್ಲ. ನನಗೆ ಓದಲಾಗುತ್ತಿಲ್ಲ.

ವ್ಯಾನು ಬಂದು ನಿಂತಿದೆ, ಚಾಲಕ ಅವಸರ ಮಾಡುತ್ತಿದ್ದಾನೆ. ಪತ್ರವನ್ನು ನಿನ್ನ ಕೈಗೇ ಕೊಡಬೇಕು, ನೀನು ಓದಿ ಮುಗಿಸುವವರೆಗೂ ಕದಲಬಾರದು ಎಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ. ಇಷ್ಟು ಓದಿದ ಮೇಲೆ ತಲೆಯೆತ್ತಿ ನೋಡು. ಅವನ ಪಕ್ಕದ ಸೀಟಿನಲ್ಲಿ ಅವಳಿದ್ದಾಳೆ.

ಪೆನ್ಸಿಲ್ಲಿನ ಮಾತು, ಆಟದ ಮಾತು ಎತ್ತಬೇಡ. ಮನೆಯಲ್ಲಿ ಕೆಲಸ ಬಿದ್ದಿದೆ, ನನ್ನೊಬ್ಬಳಿಂದಾಗದು, ದೊಡ್ಡವರೊಬ್ಬರು ಜೊತೆಗೆ ಬೇಕು ಎಂದು ಕೇಳು. ಹಾಗೆ ಕೇಳಿದರೆ ಇಳಿದಾಳು. ಮಗು ಎಂದು ಮಾತ್ರ ಕರೆಯಬೇಡ.